ಕಲ್ಲು ಉಳಿಯಿತು, ಬುಟ್ಟಿ ಉಳಿಯಲಿಲ್ಲ

ನಮ್ಮ ಮೊಮ್ಮಗಳು ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಾಸರಗೋಡು ಮತ್ತು ಹೊಸೂರಿನ ವಾಚಕರು ಐದನೆಯ ತರಗತಿ ಎಂದು ಓದಿಕೊಳ್ಳಬೇಕು. ಅವಳ ಮರಾಠಿ ಪುಸ್ತಕವೊಂದರಲ್ಲಿ ಆದಿಮಾನವರ ಚಿತ್ರವಿದೆ. ಗುಹೆಯ ಮುಂದೆ ಭರ್ಜಿ ಹಿಡಿದ ನಾಲ್ವರು ಗಂಡಸರು, ಅವರೆದುರು ಓಡುತ್ತಿರುವ ಕಾಡುಕೋಣ, ಒಂದು ಮೂಲೆಯಲ್ಲಿ ಬೆಂಕಿಯ ಪಕ್ಕ ಕೂಸನ್ನೆತ್ತಿಕೊಂಡು ಸುಮ್ಮನೆ ಕುಳಿತ ಹೆಂಗಸು. ಇಂಥ ಚಿತ್ರವನ್ನು ನಾವೂ ನಮ್ಮ ಬಾಲ್ಯದಲ್ಲಿ ನೋಡಿದ್ದೆವು, ನೋಡಿ ಪುಟ ತಿರುವಿದ್ದೆವು. ಹುಡುಗಿ ಪುಟ ತಿರುವಲಿಲ್ಲ.

“ಮುತ್ಯಾ, ಬ್ಯಾಟಿ ಸಿಗದ ದಿನಾ ಇವರು ಏನ್ ಉಣ್ತಿದ್ರು?” ಎಂದು ಕೇಳಿದಳು.

ಹಣ್ಣುಹಂಪಲು, ಗೆಡ್ಡೆಗೆಣಸು ಎಂದು ಪುಸ್ತಕದ ಮಾತನ್ನೇ ಹೇಳಿದೆವು. “ಯಾವ ಹಣ್ಣು? ಯಾರು ತರ್ತಿದ್ರು?” ಎಂಬ ಮರುಪ್ರಶ್ನೆ ಬಂತು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದುದರ ಫಲವೇ ಈ ತಿಂಗಳ ಅಂಕಣ.

ಹುಡುಕಾಟವನ್ನು ನಮ್ಮ ನೆರೆಯಿಂದಲೇ ಆರಂಭಿಸಬಹುದು. ಕೃಷ್ಣೆ ಮತ್ತು ಭೀಮೆಗಳ ನಡುವಣ ಸುರಪುರ ಸೀಮೆಯಲ್ಲಿ ಹುಣಸಗಿ ಎಂಬ ಊರಿದೆ. ಈಗ ಯಾದಗಿರಿ ಜಿಲ್ಲೆಯ ತಾಲೂಕು ಕೇಂದ್ರ. ಅಕ್ಕಲಕೋಟೆಯವರೂ ನಾರಾಯಣಪೇಟೆಯವರೂ ಒಂದೇ ದಿನದಲ್ಲಿ ಹೋಗಿ ಬರಬಹುದಾದ ದೂರ. ಸುತ್ತಲೂ ತಗ್ಗಾದ ಗುಡ್ಡಗಳ ಸಾಲು, ನಡುವೆ ಬೋಗುಣಿಯಂಥ ಬಯಲು. ಕಾಲುವೆಯ ನೀರು ಬಂದ ಮೇಲೆ ಅಲ್ಲಿ ಭತ್ತ ಬೆಳೆಯುತ್ತಾರೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಕೆ. ಪದ್ದಯ್ಯನವರು ಈ ಬಯಲನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಶೋಧಿಸಿ, ಹಳೆಯ ಶಿಲಾಯುಗದ ಜನ ಬೀಡುಬಿಟ್ಟ ನೂರಕ್ಕೂ ಹೆಚ್ಚು ಸ್ಥಳಗಳನ್ನು ಗುರುತಿಸಿದರು. ಅವುಗಳಲ್ಲಿ ಮುಖ್ಯವಾದುದು ಇಸಾಂಪುರ. ಕಾಲುವೆಯ ಒಡ್ಡಿಗೆಂದು ಮೇಲ್ಮಣ್ಣು ತೆಗೆದಾಗ ಕೆಳಗಿನ ಕಲ್ಲಿನ ಹಾಸು ಬಯಲಿಗೆ ಬಂತು. ೧೯೯೦ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದು ನೋಡಿದಾಗ ಕಂಡದ್ದು ಆಯುಧದ ಕಾರ್ಖಾನೆ. ಚಪ್ಪಟೆಯಾಗಿ ಒಡೆದು ನಿಂತ ಸುಣ್ಣಕಲ್ಲಿನ ಹಲಗೆಗಳಲ್ಲಿ ತಮಗೆ ಬೇಕಾದುದನ್ನು ಆರಿಸಿ, ಗಟ್ಟಿಕಲ್ಲಿನ ಸುತ್ತಿಗೆಯಿಂದ ಹೊಡೆದು, ಕೈಗೊಡಲಿಗಳನ್ನೂ ಸೀಳುಗೊಡಲಿಗಳನ್ನೂ ಅಲ್ಲಿಯೇ ಮಾಡಿದ್ದಾರೆ. ಅರ್ಧ ಮಾಡಿ ಬಿಟ್ಟವು, ಹೊಡೆತ ತಪ್ಪಿ ಮುರಿದವು, ಕೆತ್ತಿದಾಗ ಹಾರಿದ ಚಕ್ಕೆಗಳು, ಎಲ್ಲವೂ ಬಿದ್ದಲ್ಲಿಯೇ ಬಿದ್ದಿದ್ದವು. ಜೊತೆಗೆ ಸಿಕ್ಕ ಪ್ರಾಣಿಯ ಹಲ್ಲುಗಳ ಮೇಲ್ಪದರವನ್ನು ಪರೀಕ್ಷಿಸಿ, ಈ ಕಾರ್ಖಾನೆ ಸುಮಾರು ೧೨ ಲಕ್ಷ ವರ್ಷಗಳಷ್ಟು ಹಿಂದಿನದೆಂದು ನಿರ್ಣಯಿಸಿದ್ದಾರೆ.

೧೨ ಲಕ್ಷ ವರ್ಷ ಎಂಬ ಅಂಕಿ ಬಾಯಿಗೆ ಬರುತ್ತದೆ, ಮನಸ್ಸಿಗೆ ಬರುವುದಿಲ್ಲ. ಆ ಅವಧಿಯನ್ನೆಲ್ಲ ಅರುವತ್ತು ಗಳಿಗೆಯ ಒಂದು ದಿನವೆಂದು ಭಾವಿಸಿದರೆ, ನಮ್ಮ ಈ ನಾಡಿನಲ್ಲಿ ದನ ಕಟ್ಟಿ, ಬಿತ್ತಿ ಬೆಳೆದು ಉಂಡ ಕಾಲವೆಲ್ಲ ಸೇರಿ ಕೊನೆಯ ಕಾಲು ಗಳಿಗೆಯಾಗುತ್ತದೆ. ಬಳ್ಳಾರಿಯ ಸಂಗನಕಲ್ಲಿನಂಥ ಊರುಗಳಲ್ಲಿ ಹುರುಳಿ, ಹೆಸರು, ಕೊರಲೆಗಳನ್ನು ಬೆಳೆದವರು ಆ ಕಾಲು ಗಳಿಗೆಯವರು. ಉಳಿದ ದಿನವೆಲ್ಲ ಮನುಷ್ಯನು ಬಿತ್ತದೆ ಉಂಡಿದ್ದಾನೆ. ಇಸಾಂಪುರದಲ್ಲಿ ಕಲ್ಲು ಕೆತ್ತಿದವರು ನಮ್ಮ ನಿಮ್ಮಂಥ ಮನುಷ್ಯರೇ ಅಲ್ಲ, ನಮಗಿಂತ ಹಿಂದಿನ ಒಂದು ಮಾನವ ಜಾತಿ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಆದರೂ ಹಸಿವು ಅದೇ ಹಸಿವು.

ಅವರು ಏನನ್ನು ಉಂಡರು? ಅಲ್ಲಿ ಕಾಡುದನ ಮತ್ತು ಜಿಂಕೆ ಜಾತಿಯ ಪ್ರಾಣಿಗಳ ಎಲುಬು, ಹಲ್ಲು, ಆಮೆಯ ಚಿಪ್ಪಿನ ತುಣುಕು ದೊರೆತಿವೆ. ಕೈಗೊಡಲಿ ಮಾಂಸ ಸೀಳುವುದಕ್ಕೆ ಒದಗುತ್ತದೆ. ಇಷ್ಟನ್ನೇ ನೋಡಿ ಅವರನ್ನು ಬೇಟೆಗಾರರೆಂದು ಕರೆಯುವುದು ಸುಲಭ. ಪದ್ದಯ್ಯನವರು ಅಲ್ಲಿಗೆ ನಿಲ್ಲಲಿಲ್ಲ. ಅದೇ ಬಯಲಿನ ಹಳ್ಳಿಗರು ಇಂದಿಗೂ ಹೊಲದ ಬದುವಿನಿಂದಲೂ ಗುಡ್ಡದಿಂದಲೂ ಯಾವ ಯಾವ ಸೊಪ್ಪು, ಹಣ್ಣು, ಗೆಡ್ಡೆಗಳನ್ನು ಆರಿಸಿ ತಿನ್ನುತ್ತಾರೆ, ಯಾವ ತಿಂಗಳಲ್ಲಿ ಯಾವುದು ಸಿಗುತ್ತದೆ ಎಂಬುದನ್ನು ಕೇಳಿ ಬರೆದುಕೊಂಡರು. ಮಳೆಗಾಲದಲ್ಲಿ ಎಲ್ಲೆಲ್ಲಿಯೂ ನೀರು, ಎಲ್ಲೆಲ್ಲಿಯೂ ಸೊಪ್ಪು; ಆಗ ಜನ ಸಣ್ಣ ಸಣ್ಣ ಗುಂಪಾಗಿ ಬಯಲೆಲ್ಲ ಚದುರಿರಬೇಕು. ಬೇಸಿಗೆಯಲ್ಲಿ ಬತ್ತದ ಒರತೆಗಳಿರುವ ಕೆಲವೇ ಕಡೆ ಎಲ್ಲರೂ ಕೂಡಿರಬೇಕು. ನೀರಿಗೆ ಬರುವ ದೊಡ್ಡ ಪ್ರಾಣಿ ಸಿಗುವುದೂ ಅಲ್ಲಿಯೇ. ಕಲ್ಲಿನ ಆಯುಧಗಳು ಬಿದ್ದಿರುವ ನೆಲೆಗಳನ್ನು ಒರತೆಗಳ ಜೊತೆಗೆ ಹೊಂದಿಸಿ ನೋಡಿ ಅವರು ಈ ಊಹೆಯನ್ನು ಮುಂದಿಟ್ಟರು. ಕಲ್ಲನ್ನು ತಿಳಿಯಲು ಹಳ್ಳಿಯ ಹೆಂಗಸರನ್ನು ಕೇಳಬೇಕೆಂದು ಹೊಳೆದದ್ದು ನಮಗೆ ಬಹಳ ಮೆಚ್ಚುಗೆಯಾಯಿತು.

ತೊಡಕು ಇರುವುದು ಇಲ್ಲಿಯೇ. ೧೮೬೩ರ ಮೇ ೩೦ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಒಂದು ಕಲ್ಲನ್ನು ಎತ್ತಿಕೊಂಡು, ಇದು ಮನುಷ್ಯನ ಕೈ ಮಾಡಿದ ಆಯುಧವೆಂದು ಗುರುತಿಸಿದ. ಅಂದಿನಿಂದ ಇಂದಿನವರೆಗೆ ದಕ್ಷಿಣ ದೇಶದ ಆದಿಮಾನವನ ಕಥೆಯನ್ನು ನಾವು ಓದಿರುವುದು ಬಹುಮಟ್ಟಿಗೆ ಕಲ್ಲಿನಿಂದ. ಕಲ್ಲು ಕೊಳೆಯುವುದಿಲ್ಲ. ಎಲುಬು ಅದೃಷ್ಟವಿದ್ದರೆ ಉಳಿಯುತ್ತದೆ. ನಾರಿನ ಜಾಳಿಗೆ, ಎಲೆಯ ಕೊಟ್ಟೆ, ಗೆಡ್ಡೆ ಅಗೆಯುವ ಕೋಲು, ಜಗಿದು ಉಗುಳಿದ ಸಿಪ್ಪೆ, ಇವು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಮಣ್ಣಾಗುತ್ತವೆ. ಅಡುಗೆಮನೆಯ ವಸ್ತುಗಳೆಲ್ಲ ಮಾಯವಾಗಿ ಇಳಿಗೆಮಣೆಯ ಕಬ್ಬಿಣ ಮಾತ್ರ ಉಳಿದರೆ, ಮುಂದೊಂದು ದಿನ ಅದನ್ನು ಕಂಡವರು ಈ ಮನೆಯವರು ದಿನವಿಡೀ ಕಾದಾಡುತ್ತಿದ್ದರೆಂದು ಬರೆದಾರು!

ಹೀಗಿದ್ದರೂ ಅಪರೂಪಕ್ಕೆ ಭೂಮಿ ಬುಟ್ಟಿಯನ್ನೂ ಕಾಪಾಡಿಕೊಡುತ್ತದೆ. ಇಸ್ರೇಲಿನ ಉತ್ತರದಲ್ಲಿ, ಜೋರ್ಡಾನ್ ನದಿಯ ದಂಡೆಯ ಗೆಶೆರ್ ಬೆನೋತ್ ಯಾಕೋವ್ ಎಂಬಲ್ಲಿ, ೭ ಲಕ್ಷ ೮೦ ಸಾವಿರ ವರ್ಷಗಳ ಹಿಂದೆ ಒಂದು ಸರೋವರದ ಅಂಚಿನಲ್ಲಿ ಜನ ನೆಲೆಸಿದ್ದರು. ಅವರ ಆಯುಧಗಳೂ ಹುಣಸಗಿಯ ಆಯುಧಗಳೂ ಒಂದೇ ಪರಂಪರೆಯವು. ಅಲ್ಲಿಯೂ ಕೈಗೊಡಲಿ, ಅಲ್ಲಿಯೂ ಸೀಳುಗೊಡಲಿ. ನೆಲ ಸದಾ ನೀರಿನಿಂದ ನೆನೆದಿದ್ದ ಕಾರಣ ಬೀಜಗಳೂ ಕಾಯಿಗಳೂ ಕೊಳೆಯದೆ ಉಳಿದವು. ೨೦೧೬ರಲ್ಲಿ ಪ್ರಕಟವಾದ ವರದಿಯಲ್ಲಿ ತಿನ್ನಲು ಯೋಗ್ಯವಾದ ೫೫ ಬಗೆಯ ಸಸ್ಯಗಳ ಲೆಕ್ಕವಿದೆ: ಓಕ್ ಮರದ ಕಾಯಿ, ಕಾಡುಹಣ್ಣು, ಎಲೆ, ಬೇರು, ನೀರಿನಲ್ಲಿ ಬೆಳೆಯುವ ಸಿಂಗಾಡೆ, ಮತ್ತು ಮಖಾನ. ಹೌದು, ಈಗ ಪೇಟೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ, ನಮ್ಮ ಸೊಸೆ ತುಪ್ಪದಲ್ಲಿ ಹುರಿದು ಕೊಡುವ ಅದೇ ಮಖಾನ. ಕಾಯಿ ಒಡೆಯಲು ಬಳಸಿದ ಕುಳಿಬಿದ್ದ ಕಲ್ಲುಗಳೂ, ಬೆಂಕಿ ಉರಿಸಿದ ಗುರುತೂ ಅಲ್ಲಿ ಸಿಕ್ಕಿವೆ. ಇಟಲಿಯ ಪೊಜೆಟ್ಟಿ ವೆಕ್ಕಿ ಎಂಬಲ್ಲಿ ಸುಮಾರು ೧ ಲಕ್ಷ ೭೦ ಸಾವಿರ ವರ್ಷಗಳ ಹಿಂದಿನ ಮರದ ಕೋಲುಗಳೇ ದೊರೆತವು. ಮೊಳ ಎರಡಕ್ಕಿಂತ ಉದ್ದ, ಒಂದು ತುದಿ ಅಂಗೈಗೆ ಹೊಂದುವಂತೆ ಗುಂಡಗೆ, ಇನ್ನೊಂದು ತುದಿ ಮೊನಚು. ತೊಗಟೆ ತೆಗೆಯಲು ಬೆಂಕಿಗೆ ಹಿಡಿದು ಕೆರೆದಿದ್ದಾರೆ. ಗೆಡ್ಡೆ ಅಗೆಯುವ ಕೋಲು! ಹೀಗೆ ನಮ್ಮ ಹುಡುಗಿಯ ಮೊದಲ ಪ್ರಶ್ನೆಗೆ, ಯಾವ ಹಣ್ಣು ಎಂಬುದಕ್ಕೆ, ಅರ್ಧ ಉತ್ತರ ದೊರೆತಂತಾಯಿತು.

ಯಾರು ತರುತ್ತಿದ್ದರು ಎಂಬುದು ಇನ್ನೂ ಉಳಿಯಿತು. ಇದನ್ನು ಮಣ್ಣು ಹೇಳಲಾರದು. ನಮ್ಮ ಕಾಲದವರೆಗೂ ಬೇಟೆ ಮತ್ತು ಆಯುವಿಕೆಯಿಂದ ಬದುಕಿದ ಜನರನ್ನು ನೋಡಿ ಎಚ್ಚರದಿಂದ ಊಹಿಸಬೇಕು. ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ ೧೯೬೩ರಿಂದ ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿ, ಇಂದಿನ ಬೋಟ್ಸ್ವಾನಾದ ದೋಬೆ ಎಂಬಲ್ಲಿ, ಹೊರಗಿನವರು ಕುಂಗ್ ಎಂದು ಕರೆಯುತ್ತಿದ್ದ ಜನರ ನಡುವೆ ಇದ್ದ. ೧೯೬೪ರ ಜುಲೈಯಲ್ಲಿ ನಾಲ್ಕು ವಾರ ಪ್ರತಿದಿನವೂ ಬೀಡಿನಿಂದ ಯಾರು ಹೊರಟರು, ಏನು ತಂದರು, ಅದರ ತೂಕವೆಷ್ಟು ಎಂಬುದನ್ನು ಕಿರಾಣಿ ಅಂಗಡಿಯವನಂತೆ ಬರೆದಿಟ್ಟ. ಲೆಕ್ಕ ಕೂಡಿಸಿದಾಗ ಊಟದಲ್ಲಿ ಮಾಂಸದ ಪಾಲು ತೂಕದಲ್ಲಿ ಶೇಕಡಾ ೩೭. ಉಳಿದದ್ದೆಲ್ಲ ಕಾಡಿನ ಸಸ್ಯ. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಮೊಂಗೊಂಗೊ ಎಂಬ ಒಂದೇ ಮರದ ಬೀಜ. ನಾಲ್ಕು ದಿನ ಬೇಟೆಗೆ ಹೋದರೆ ಒಂದು ದಿನ ಪ್ರಾಣಿ ಸಿಕ್ಕೀತು. ಹೆಂಗಸರು ಹೋದ ದಿನ ಬರಿಗೈಯಲ್ಲಿ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಅವರಿಗೆ ತಿನ್ನತಕ್ಕ ೮೫ ಸಸ್ಯಗಳ ಹೆಸರು, ನೆಲೆ, ಋತು ಎಲ್ಲವೂ ಬಾಯಿಪಾಠ. ಇವೆಲ್ಲ ವಿಚಾರಗಳು ಚರ್ಚೆಗೆ ಬಂದ ೧೯೬೬ರ ಚಿಕಾಗೋ ವಿದ್ವತ್ಸಭೆಗೆ ಇಟ್ಟ ಹೆಸರು ಮಾತ್ರ ‘ಬೇಟೆಗಾರ ಮಾನವ’! ಬೇಯಿಸಿ ಬಡಿಸಿದವರ ಹೆಸರು ಲಗ್ನಪತ್ರಿಕೆಯಲ್ಲಿ ಬರುವುದಿಲ್ಲವಷ್ಟೆ.

ಆಹಾರ ಸಂಪಾದನೆಗೆ ಅವರು ವಾರಕ್ಕೆ ಎರಡೂವರೆ ದಿನ ಮಾತ್ರ ದುಡಿಯುತ್ತಾರೆಂದು ಲೀ ಬರೆದಾಗ ಜಗತ್ತೇ ಬೆರಗಾಯಿತು. ಅದನ್ನು ಓದಿ ಆದಿಮಾನವನ ಬದುಕು ಹಬ್ಬವೆಂದು ಹಾಡಿದವರೂ ಉಂಟು. ಬೀಜ ಒಡೆಯುವುದು, ಸೌದೆ, ನೀರು, ಅಡುಗೆ, ಆಯುಧದ ರಿಪೇರಿ ಇವನ್ನೆಲ್ಲ ಸೇರಿಸಿ ಲೀ ತಾನೇ ಮುಂದೆ ಲೆಕ್ಕ ಹಾಕಿದಾಗ ಅದು ವಾರಕ್ಕೆ ನಲವತ್ತು ಗಂಟೆಯನ್ನು ದಾಟಿತು. ಅಡುಗೆಯನ್ನು ದುಡಿಮೆಯಲ್ಲಿ ಸೇರಿಸದ ಲೆಕ್ಕ ಎಂಥದೆಂಬುದು ನಮ್ಮ ಮನೆಗಳ ಹೆಂಗಸರಿಗೆ ಗೊತ್ತಿದೆ. ಅಲ್ಲದೆ ಇಂಥ ಜನರಲ್ಲಿ ಹುಟ್ಟಿದ ನಾಲ್ಕು ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿತ್ತು, ದೊಡ್ಡವರಾಗುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹೋಗುತ್ತಿದ್ದರೆಂಬುದು ಅನೇಕ ಸಮುದಾಯಗಳ ಲೆಕ್ಕದಿಂದ ತಿಳಿದಿದೆ. ಅದು ಹಬ್ಬವಲ್ಲ.

ನಮಗೆ ಹೆಚ್ಚು ನಾಟಿದ ಸಂಗತಿ ಬೇರೆ. ಆ ೧೯೬೪ ಅಲ್ಲಿ ಭೀಕರ ಬರದ ವರ್ಷ. ದನಕರು ಸಾಕಿ, ಬೆಳೆ ಬೆಳೆದು, ಈ ಆಯ್ದುಣ್ಣುವವರನ್ನು ಕೀಳಾಗಿ ಕಾಣುತ್ತಿದ್ದ ನೆರೆಯ ಹೆರೆರೊ ಜನರ ಹೆಂಗಸರು ಆ ವರ್ಷ ಇವರ ಹೆಂಗಸರ ಹಿಂದೆ ಹಿಂದೆ ನಡೆದು, ಯಾವ ಗೆಡ್ಡೆ, ಯಾವ ಬೀಜ ಎಂದು ಕೇಳಿ ಆರಿಸಿಕೊಂಡು ತಮ್ಮ ಮಕ್ಕಳನ್ನು ಉಳಿಸಿಕೊಂಡರು.

ಹಂಚಿ ತಿನ್ನುವ ರೀತಿಯನ್ನೂ ಲೀ ಬರೆದಿದ್ದಾನೆ. ಒಮ್ಮೆ ಕ್ರಿಸ್‌ಮಸ್ ಹಬ್ಬಕ್ಕೆಂದು ಅವನು ಕೊಬ್ಬಿದ ದೊಡ್ಡ ಎತ್ತನ್ನು ಕೊಂಡುತಂದ. ಬಂದವರೆಲ್ಲ ಇದೇನು ಎಲುಬಿನ ಚೀಲ, ಇದು ಯಾರ ಹೊಟ್ಟೆಗೆ ಸಾಕು ಎಂದು ಹೀಗಳೆದರು. ಅವನಿಗೆ ಮೋರೆ ಎತ್ತಲಾರದಷ್ಟು ಸಂಕೋಚ. ಕಡಿದು ನೋಡಿದರೆ ಎರಡು ಬೆರಳು ದಪ್ಪದ ಕೊಬ್ಬು. ಎಲ್ಲರೂ ನಕ್ಕರು, ಎರಡು ದಿನ ಉಂಡರು. ಆಮೇಲೆ ತಿಳಿದದ್ದು, ಅದು ಅವರ ಪದ್ಧತಿ. ದೊಡ್ಡ ಬೇಟೆ ತಂದ ಹುಡುಗ ತಾನೇ ದೊಡ್ಡವನೆಂದು ಬೀಗಬಾರದು. ಬೀಗಿದವನು ಮುಂದೆ ಯಾರ ಮೇಲಾದರೂ ಕೈಮಾಡಿಯಾನು. ಆದ್ದರಿಂದ ಅವನ ಮಾಂಸವನ್ನು ಹೀಗಳೆದು ಅವನ ಮನಸ್ಸನ್ನು ತಂಪು ಮಾಡುತ್ತಾರಂತೆ. ಸೊಸೆಯ ಮೊದಲ ಅಡುಗೆಗೆ ಉಪ್ಪು ಕಡಿಮೆಯೆನ್ನುವ ಅತ್ತೆಯರು ಈ ಪದ್ಧತಿಯನ್ನು ತಮ್ಮ ಪರವಾಗಿ ಬಳಸಕೂಡದೆಂದು ವಿನಂತಿ.

ಅಜ್ಜಿಯರ ವಿಷಯವನ್ನು ಬಿಡುವಂತಿಲ್ಲ. ಟಾಂಜಾನಿಯಾದಲ್ಲಿ ಇಯಾಸಿ ಸರೋವರದ ಸುತ್ತಲಿನ ಹಡ್ಜಾ ಜನರ ನಡುವೆ ಕ್ರಿಸ್ಟನ್ ಹಾಕ್ಸ್ ಮತ್ತು ಅವರ ಸಂಗಡಿಗರು ೧೯೮೦ರ ದಶಕದಿಂದ ಅಧ್ಯಯನ ಮಾಡಿದರು. ಅಲ್ಲಿಯ ಮುಖ್ಯ ಗೆಡ್ಡೆ ಕಲ್ಲುನೆಲದಲ್ಲಿ ಆಳಕ್ಕೆ ಇಳಿದಿರುತ್ತದೆ. ಸಣ್ಣ ಮಗುವಿಗೆ ಅದನ್ನು ಅಗೆಯುವ ಶಕ್ತಿಯಿಲ್ಲ. ತಾಯಿಗೆ ಇನ್ನೊಂದು ಕೂಸು ಹುಟ್ಟಿ ಅವಳ ಕೈ ಕಟ್ಟಿಹೋದಾಗ, ಮೊದಲ ಮಗು ಮೈತುಂಬಿಕೊಳ್ಳುವುದೋ ಸೊರಗುವುದೋ ಎಂಬುದು ಅದರ ಅಜ್ಜಿ ಎಷ್ಟು ಹೊತ್ತು ಅಗೆಯುತ್ತಾಳೆಂಬುದನ್ನು ಅವಲಂಬಿಸಿತ್ತು. ಮಕ್ಕಳನ್ನು ಹೆರುವ ಕಾಲ ಮುಗಿದ ಮೇಲೂ ಹೆಂಗಸು ದಶಕಗಳ ಕಾಲ ಬದುಕುವುದು ಏಕೆಂಬ ಪ್ರಶ್ನೆಗೆ ಉತ್ತರ ಈ ಅಜ್ಜಿಯ ಕೋಲಿನಲ್ಲಿದೆಯೆಂದು ಅವರ ವಾದ. ವಾದವಿನ್ನೂ ಮುಗಿದಿಲ್ಲ. ಹೆಂಗಸು ಆಯುವುದಕ್ಕೆ, ಗಂಡಸು ಬೇಟೆಗೆ ಎಂದು ಗೆರೆ ಎಳೆಯುವಂತೆಯೂ ಇಲ್ಲ: ಪೆರು ದೇಶದ ಬೆಟ್ಟದ ಮೇಲೆ ಸಿಕ್ಕ ೯,೦೦೦ ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಭರ್ಜಿಯ ಮೊನೆಗಳ ಜೊತೆ ಮಲಗಿದ್ದವಳು ಇಪ್ಪತ್ತು ತುಂಬದ ಯುವತಿಯೆಂದು ೨೦೨೦ರಲ್ಲಿ ಪ್ರಕಟವಾಯಿತು. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಪುಸ್ತಕ ತೆಗೆದು ಆ ಮೂಲೆಯ ಹೆಂಗಸಿನ ಕೈಗೆ ಪೆನ್ಸಿಲಿನಿಂದ ಒಂದು ಕೋಲನ್ನು ಬರೆದಳು.

ವಯನಾಡು ಮತ್ತು ಗೂಡಲೂರಿನ ವಾಚಕರಿಗೆ ಇದೆಲ್ಲ ದೂರದ ಮಾತಲ್ಲ. ಕನ್ನಡಕ್ಕೆ ಬಹು ಹತ್ತಿರದ ನುಡಿಯಾಡುವ ಕಾಟುನಾಯ್ಕರು, ಗಡಿಯ ಈಚೆಗೆ ಜೇನುಕುರುಬರು, ಜೇನು ಇಳಿಸುವುದರಲ್ಲಿಯೂ ಕಾಡುಗೆಣಸು ಹುಡುಕುವುದರಲ್ಲಿಯೂ ನಿಪುಣರು. ಅವರನ್ನು ಆದಿಮಾನವರೆಂದು ಬೆರಳು ತೋರಿಸುವುದು ಶುದ್ಧ ಅವಿವೇಕ. ಅವರು ನಮ್ಮ ಸಮಕಾಲೀನರು, ಅವರ ಮನೆಯಲ್ಲಿಯೂ ರೇಷನ್ ಕಾರ್ಡು, ಮೊಬೈಲು ಉಂಟು. ನಾವು ಹೇಳಹೊರಟದ್ದು ಅವರ ವಿದ್ಯೆಯನ್ನು ಕುರಿತು. ಗೆಣಸನ್ನು ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರೆ ಮುಂದಿನ ವರ್ಷಕ್ಕೆ ಮತ್ತೆ ಗೆಣಸು. ಕಾಡುಗೆಣಸಿನಲ್ಲಿ ಕೆಲವು ಸುಟ್ಟರೆ ಸಾಕು. ಕೆಲವು ವಿಷ, ಹೆಚ್ಚಿ ಬೇಯಿಸಿ ಹರಿಯುವ ನೀರಿನಲ್ಲಿಟ್ಟು ನಂಜು ತೆಗೆಯಬೇಕು. ಈ ವ್ಯತ್ಯಾಸವನ್ನು ಮೊದಲು ಕಂಡುಕೊಂಡವರು ಎಷ್ಟು ಜನರನ್ನು ಕಳೆದುಕೊಂಡಿರಬೇಕು! ಎಲ್ಲಿಯೂ ಬರೆದಿಡದ ಆ ವಿದ್ಯೆ ಬಾಯಿಂದ ಬಾಯಿಗೆ ಬಂದಿದೆ. ನಡುವೆ ಒಂದೇ ಒಂದು ತಲೆಮಾರು ಕೇಳದೆ ಹೋದರೆ ಸರಪಳಿ ಅಲ್ಲಿಗೆ ಕಡಿಯಿತು.

ಕಲಹಾರಿಯ ಬರದ ಸಂಗತಿ ಓದುವಾಗ ನಮಗೆ ೧೯೭೨ ನೆನಪಾಗದೆ ಇರಲಿಲ್ಲ. ಆಗ ನಮಗೆ ಹತ್ತು ವರ್ಷ. ಸೊಲ್ಲಾಪುರ ಜಿಲ್ಲೆಯಲ್ಲಿ ಮಳೆ ಹೋಗಿ, ಭಾವಿ ಬತ್ತಿ, ದನಗಳನ್ನು ಕೇಳುವವರಿಲ್ಲದೆ ಬಿಟ್ಟ ವರ್ಷ. ದೊಡ್ಡವರೆಲ್ಲ ಬರಗಾಲದ ಕೆಲಸಕ್ಕೆ, ರಸ್ತೆಯ ಖಡಿ ಒಡೆಯುವುದಕ್ಕೆ ಹೋಗುತ್ತಿದ್ದರು. ಅಂಗಡಿಯಲ್ಲಿ ಕೊಡುತ್ತಿದ್ದ ಕೆಂಪು ಮಿಲೋ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮ ಆಯಿ ಮಾತ್ರ ನಸುಕಿನಲ್ಲಿಯೇ ಎದ್ದು ಹಳ್ಳದ ದಂಡೆ ಹಿಡಿದು ನಡೆದು, ಹೊತ್ತೇರುವಷ್ಟರಲ್ಲಿ ಸೆರಗಿನ ತುಂಬ ಏನನ್ನಾದರೂ ಕಟ್ಟಿಕೊಂಡು ಬರುತ್ತಿದ್ದಳು. ಹಸಿ ಇದ್ದಲ್ಲಿ ಗೋಳಿ, ಕಿರಕಸಾಲಿ, ಬದುವಿನಲ್ಲಿ ಹಕ್ಕರಕಿ, ಮುಳ್ಳುಕಂಟಿಯಲ್ಲಿ ಬಾರಿಹಣ್ಣು. ಇವಲ್ಲದೆ ಇನ್ನೊಂದು ಸೊಪ್ಪು ತರುತ್ತಿದ್ದಳು. ಸಣ್ಣ ಎಲೆ, ಹಿಂಭಾಗದಲ್ಲಿ ಬೂದುಬಣ್ಣ, ಬೇಯಿಸಿದ ಮೊದಲ ನೀರನ್ನು ಬಸಿದು ಚೆಲ್ಲಲೇಬೇಕು. ಆ ನೀರನ್ನು ನಾಯಿಗೂ ಹಾಕಗೊಡುತ್ತಿರಲಿಲ್ಲ. “ಇದರ ಹೆಸರ ನೆನಪ ಇಟ್ಕೋ, ಮುಂದ ಬೇಕಾಗ್ತದ” ಎಂದು ಹೇಳಿದ್ದಳು. ಮರುವರ್ಷ ಮಳೆಯಾಯಿತು. ಹೊಲದಲ್ಲಿ ಜೋಳ ನಿಂತಿತು. ಅಂಥ ಸೊಪ್ಪು ತಿನ್ನುವವರೆಂದು ನಾಲ್ವರ ಎದುರಿಗೆ ಹೇಳಿಕೊಳ್ಳಲು ನಾಚಿಕೆಯೂ ಆಯಿತು. ಹೆಸರು ನಮಗೆ ಮರೆತುಹೋಯಿತು. ಆಯಿ ಹೋಗಿ ಬಹಳ ವರ್ಷಗಳಾದವು.

ಗಡಿಯಾಚೆ ಇರುವ ನಮಗೆ ಇನ್ನೊಂದು ಕಷ್ಟವೂ ಉಂಟು. ಕೃಷಿ ಕಚೇರಿಯ ಪತ್ರಿಕೆಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಗಿಡದ ಹೆಸರು ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ. ನಮ್ಮ ಸೊಸೆಗೆ ಗೋಳಿ ಗೊತ್ತಿಲ್ಲ, ‘ಘೋಳ’ ಎಂದರೆ ತಿಳಿಯುತ್ತದೆ. ಅದೇ ಸೊಪ್ಪು ನಾರಾಯಣಪೇಟೆಯ ಸಂತೆಯಲ್ಲಿ ‘ಗಂಗವಾಯಲಿ’. ತಗಚೆಯನ್ನು ಇಲ್ಲಿ ‘ಟಾಕಳಾ’ ಎಂದು ಮಾರುತ್ತಾರೆ, ಕಾಸರಗೋಡಿನ ಪೇಟೆಯಲ್ಲಿ ‘ತಕರ’ ಎಂದು. ನಮ್ಮ ಬಾರಿಹಣ್ಣು ಹೊಸೂರಿನ ಕನ್ನಡದಲ್ಲಿ ಎಲಚಿ. ಎರಡು ಹೆಸರು ಗೊತ್ತಿರುವುದು ಸಂಪತ್ತೇ ಸರಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಸಂತೆಗೆ ಬರುವ ನಾಲ್ಕು ಸೊಪ್ಪಿಗೆ ಮಾತ್ರ ಎರಡು ಹೆಸರಿರುತ್ತದೆ. ಸಂತೆಗೆ ಬಾರದ, ಬದುವಿನಲ್ಲಿಯೇ ಉಳಿದ ಸೊಪ್ಪಿಗೆ ಇರುವುದು ಮನೆಯ ಭಾಷೆಯ ಒಂದೇ ಹೆಸರು. ಅದು ಹೋದರೆ ಅದರ ಜೊತೆಗೆ ಯಾವ ತಿಂಗಳು, ಎಷ್ಟು ಬೇಯಬೇಕು, ಮೊದಲ ನೀರು ಚೆಲ್ಲಬೇಕೋ ಬೇಡವೋ ಎಂಬುದೂ ಹೋಗುತ್ತದೆ.

ಕಳೆದ ಮಳೆಯ ಮರುದಿನ ಮೊಮ್ಮಗಳನ್ನು ಕರೆದುಕೊಂಡು ಅದೇ ಹಳ್ಳದ ದಂಡೆಗೆ ಹೋಗಿದ್ದೆವು. ಹಳ್ಳಕ್ಕೆ ಈಗ ಒಡ್ಡು ಹಾಕಿದ್ದಾರೆ, ಬದುಗಳಿಗೆ ಕಳೆನಾಶಕ ಹೊಡೆಯುತ್ತಾರೆ. ಅವಳು ಅಲ್ಲಲ್ಲಿ ಬಗ್ಗಿ ಒಂದೊಂದು ಎಲೆ ಕಿತ್ತು ತಂದು, “ಮುತ್ಯಾ, ಇದೇನು?” ಎಂದು ಕೇಳುತ್ತಿದ್ದಳು. ಹಿಂಭಾಗ ತಿರುಗಿಸಿ ನೋಡಿ, ಅಲ್ಲವೆಂದು ಹೇಳುತ್ತ ಹೋದೆವು. ಗುರುತಿಲ್ಲದ ಯಾವುದನ್ನೂ ಬಾಯಿಗಿಡಬಾರದೆಂದು ಕಟ್ಟಪ್ಪಣೆಯಿತ್ತು. ಹದಿನಾಲ್ಕು ಎಲೆ ತಂದಳು. ನಾವು ಹೆಸರು ಹೇಳಲು ಶಕ್ತರಾದದ್ದು ಐದಕ್ಕೆ. ಉಳಿದ ಒಂಬತ್ತನ್ನು ಅವಳು ತನ್ನ ವಹಿಯಲ್ಲಿ ಅಂಟಿಸಿ ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ. ಬೂದುಬೆನ್ನಿನ, ಮೊದಲ ನೀರು ಚೆಲ್ಲುವ ಆ ಸೊಪ್ಪನ್ನು ತಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿ ಬಲ್ಲ ವಾಚಕರಿದ್ದರೆ ಒಂದು ಕಾರ್ಡು ಬರೆದು ತಿಳಿಸಬೇಕು. ಹೆಸರು ಯಾವ ಊರಿನ ಕನ್ನಡದಲ್ಲಿದ್ದರೂ ಆದೀತು.